ಡ್ಯೂಕ್ ಕಾಸು ಹಾಕಿದ, ಹಾಡು ಬಂತು

ಒಪೆರಾ ಅಂದರೆ ಮಾತೆಲ್ಲ ಹಾಡೇ ಆದ ನಾಟಕ. ಟಿಕೆಟ್ಟು ದುಬಾರಿ, ಭಾಷೆ ಅರ್ಥವಾಗೋಲ್ಲ ಅನ್ನೋದು ಹಳೇ ದೂರು. 1982ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾದಲ್ಲಿ ನಿರ್ದೇಶಕ ಜೊನಾಥನ್ ಮಿಲ್ಲರ್ ಅವರು ವರ್ದಿಯ ‘ರಿಗೊಲೆಟ್ಟೊ’ವನ್ನು 1950ರ ದಶಕದ ನ್ಯೂಯಾರ್ಕಿನ ಇಟಾಲಿಯನ್ ಗಲ್ಲಿಗೆ ತಂದು ಕೂರಿಸಿದರು. ಮಾಂಟುವಾದ ಡ್ಯೂಕ್ ಇಲ್ಲಿ ಮಾಫಿಯಾ ಧಣಿ. ‘ಡ್ಯೂಕ್’ ಬರೀ ಅಡ್ಡಹೆಸರು. ಆಸ್ಥಾನದ ಗೂನ ವಿದೂಷಕ ಬಾರಿನಲ್ಲಿ ಗ್ಲಾಸು ತುಂಬಿಸೋನು. ಎಲ್ಲರ ಬಾಯಲ್ಲಿರೋ ಆ ಹಾಡಿಗೆ ಧಣಿ ಜೂಕ್‌ಬಾಕ್ಸಿಗೆ ಕಾಸು ಹಾಕ್ತಾನೆ! ಸಾಹಿತ್ಯ ಇಂಗ್ಲಿಷಿನಲ್ಲಿ, ಸಂಗೀತ ಮಾತ್ರ ವರ್ದಿಯದೇ.

ಅಪಚಾರವೇ? ಮೂಲ ಕತೆ ವಿಕ್ಟರ್ ಹ್ಯೂಗೋನದು, ಖಳ ಫ್ರಾನ್ಸಿನ ರಾಜ. 1832ರಲ್ಲಿ ಒಂದೇ ಆಟಕ್ಕೆ ಸರ್ಕಾರ ಅದನ್ನು ನಿಲ್ಲಿಸಿತ್ತು. 1851ರಲ್ಲಿ ವೆನಿಸ್ಸಿನಲ್ಲಿ ಒಪೆರಾ ರಂಗಕ್ಕೆ ಬರುವಾಗ ಆಸ್ಟ್ರಿಯಾದ ಸೆನ್ಸಾರ್ ಕಾಟ. ರಾಜ ಹೋಗಿ ಡ್ಯೂಕ್ ಆದ. ಕತೆ ಊರು ಬಿಟ್ಟಿದ್ದು ವರ್ದಿಯ ಕೈಯಲ್ಲೇ, ಸ್ವಾಮಿ.

ಗಲ್ಲಿ ಒಗ್ಗಿದ್ದಕ್ಕೆ ಕಾರಣವಿದೆ. ಧಣಿಯ ಮಾತೇ ಕಾನೂನು, ಕಾಸಿಗೆ ಕೊಲೆ ಮಾಡೋನು, ಮಗಳನ್ನು ಬಚ್ಚಿಟ್ಟು ಕಾಯೋ ಅಪ್ಪ – ಇವೆಲ್ಲ ಅಲ್ಲೂ ಸಲ್ಲುತ್ತವೆ. 2013ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ಇದೇ ಕತೆಯನ್ನು 1960ರ ಲಾಸ್ ವೇಗಸ್ ಜೂಜುಕಟ್ಟೆಗೆ ಸಾಗಿಸಿತು. ನಿಯಾನ್ ದೀಪವೇನೋ ಧಾರಾಳ. ಆದರೆ ಕತೆ ನಿಂತಿರೋದು ನೊಂದ ಅಪ್ಪನೊಬ್ಬ ಹಾಕೋ ಶಾಪದ ಮೇಲೆ. ಜೂಜುಕಟ್ಟೆಯಲ್ಲಿ ಶಾಪಕ್ಕೆ ನಡುಗೋರು ಯಾರು? ಆದರೂ ಕೊನೆಗೆ, ಗೋಣಿಚೀಲದ ಬದಲು ಕಾರಿನ ಡಿಕ್ಕಿಯಲ್ಲಿ ಸಾಯ್ತಾ ಮಲಗಿದ ಮಗಳನ್ನು ಅಪ್ಪ ಕಂಡಾಗ, ದೀಪಗಳ ನೆನಪು ಯಾರಿಗೂ ಇರೋಲ್ಲ.