ಗಿಟಾರಿನ ದಂಡಿಯೂ ನಮ್ಮ ಗುಮಾಸ್ತ ಬುದ್ಧಿಯೂ

ಸಂಘದ ಹಿಂಬದಿಯ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಮಕ್ಕಳು ಕೂತು ಮರ ಕೀಸುತ್ತಾರೆ ಎಂಬುದು ಕೆಲವು ಸದಸ್ಯರ ನಿದ್ದೆಗೆಡಿಸಿದೆ. ಆ ಮಕ್ಕಳು ಮಾಡುತ್ತಿರುವುದು ಗಿಟಾರಿನ ದಂಡಿ ಮತ್ತು ಅದರ ಮೇಲೆ ಕೂರುವ ಬೆರಳುಹಲಗೆ. ಒಡಲನ್ನು ಇನ್ನೂ ಮುಟ್ಟಿಲ್ಲ. ಅದು ಬರುವ ವರ್ಷದ ಮಾತು. ಇಷ್ಟಕ್ಕೇ ಸರ್ವಸದಸ್ಯರ ಸಭೆಯಲ್ಲಿ ಆಕ್ಷೇಪಣೆಗಳು ಎದ್ದವು. ಗಿಟಾರು ನಮ್ಮ ವಾದ್ಯವಲ್ಲ ಎಂದರು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವುದನ್ನು ಕೈಯಿಂದ ಮಾಡುವುದು ದಡ್ಡತನ ಎಂದರು. ಕೊನೆಗೆ, ಇದನ್ನು ಮಾತ್ರ ಸ್ವಲ್ಪ ಮೆಲ್ಲನೆ, "ನಾವು ದಿಲ್ಲಿಗೆ ಬಂದದ್ದು ಮಕ್ಕಳನ್ನು ಬಡಗಿಗಳನ್ನಾಗಿ ಮಾಡಲಿಕ್ಕೇನು?" ಎಂದರು. ಆ ಕೋಣೆಯನ್ನು ಪ್ರವೇಶ ಪರೀಕ್ಷೆಯ ಟ್ಯೂಷನ್ನಿನವರಿಗೆ ಬಾಡಿಗೆಗೆ ಕೊಡಬೇಕೆಂಬ ಸೂಚನೆ ಈಗ ಕಾರ್ಯಕಾರಿ ಸಮಿತಿಯ ಮುಂದಿದೆ. ಸಮಿತಿ ತೀರ್ಮಾನಿಸುವ ಮೊದಲು ನಾವೂ ನಾಲ್ಕು ಮಾತು ಹೇಳಬೇಕಾಗಿದೆ.

ನಾವೆಂದರೆ ಯಾರು? ಕೇಂದ್ರ ಸರಕಾರದ ಕಚೇರಿಗಳಲ್ಲಿ ಕಡತ ನೋಡುವವರು. ನಲವತ್ತು ದಾಟಿದವರು. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಹಾಸನ, ಧಾರವಾಡ, ರಾಯಚೂರುಗಳಿಂದ ಇಲ್ಲಿಗೆ ಬಂದು ಸರಕಾರಿ ಕ್ವಾರ್ಟರ್ಸಿನಲ್ಲಿ ಬೇರು ಬಿಟ್ಟವರು. ಕಾಲೇಜಿನಲ್ಲಿ ಸೋನೋಮೀಟರ್ ಎಂಬ ಪೆಟ್ಟಿಗೆಯ ಮೇಲೆ ತಂತಿ ಬಿಗಿದು, ತೂಕ ನೇತುಹಾಕಿ, ತಂತಿಯ ಮೇಲಿಟ್ಟ ಕಾಗದದ ಚೂರು ಹಾರಿ ಬೀಳುವುದನ್ನು ನೋಡಿದ್ದೇವೆ. ತಂತಿಯ ಉದ್ದ ಅರ್ಧವಾದರೆ ಕಂಪನ ಇಮ್ಮಡಿ ಎಂದು ರೆಕಾರ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದೇವೆ. ಅದೇ ನಿಯಮ ವೀಣೆಯ ಮೇಲೂ ಗಿಟಾರಿನ ಮೇಲೂ ಕೂತಿದೆ ಎಂದು ಯಾರೂ ನಮ್ಮನ್ನು ಕರೆದು ತೋರಿಸಲಿಲ್ಲ. ಪರೀಕ್ಷೆಗೆ ಅದು ಬೇಕಿರಲಿಲ್ಲ.

ಆಕ್ಷೇಪಿಸಿದವರಲ್ಲಿ ಒಬ್ಬರೂ ಆ ಕೋಣೆಯೊಳಗೆ ಕಾಲಿಟ್ಟಿಲ್ಲವಾದ್ದರಿಂದ ಅಲ್ಲಿ ನಡೆಯುವುದೇನೆಂದು ಮೊದಲು ಹೇಳಿಬಿಡುತ್ತೇವೆ.

ಗಿಟಾರಿನ ತಂತಿಯ ನುಡಿಯುವ ಭಾಗ, ಮೇಲ್ತುದಿಯ ಎಲುಬಿನ ಪಟ್ಟಿಯಿಂದ ಕುದುರೆಯವರೆಗೆ, ನಮ್ಮ ಮಕ್ಕಳ ಅಳತೆಯಲ್ಲಿ 648 ಮಿಲಿಮೀಟರ್. ಈ ಉದ್ದದ ಮೇಲೆ ಸ್ಥಾಯಿಯನ್ನು ಹನ್ನೆರಡು ಸಮ ಅಂತರಗಳಾಗಿ ಒಡೆಯಬೇಕು. ಎರಡರ ಹನ್ನೆರಡನೆಯ ಮೂಲವೇ ಇಲ್ಲಿಯ ಕೀಲಿಕೈ. ಲೆಕ್ಕ ಬಿಡಿಸಿದರೆ, ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದಷ್ಟು ದೂರಕ್ಕೆ ಮುಂದಿನ ಮೆಟ್ಟಿಲು ಬರುತ್ತದೆ. ಮೊದಲನೆಯದು 36.37 ಮಿ.ಮೀ.ಗೆ; ಎರಡನೆಯದು ಅಲ್ಲಿಂದ 34.33 ಮಿ.ಮೀ.ಗೆ; ಹೀಗೆ ಕಿರಿದಾಗುತ್ತ ಹೋಗಿ ಹನ್ನೆರಡನೆಯದು ತಂತಿಯ ನಟ್ಟನಡುವೆ, 324ಕ್ಕೆ ಬಂದು ನಿಲ್ಲಬೇಕು. ಹಿಂದಿನವರು ಇಷ್ಟು ಸೂಕ್ಷ್ಮಕ್ಕೆ ಹೋಗದೆ 18ರಿಂದಲೇ ಭಾಗಿಸುತ್ತಿದ್ದರು. ಗೆಲಿಲಿಯೋನ ತಂದೆ ವಿಂಚೆನ್ಸೊ ಗೆಲಿಲೈ 1581ರಲ್ಲಿ ಅಚ್ಚಾದ ತನ್ನ ಸಂಗೀತ ಗ್ರಂಥದಲ್ಲಿ ಲ್ಯೂಟ್ ವಾದ್ಯಕ್ಕೆ ಹೇಳಿದ್ದು ಈ ಲೆಕ್ಕವನ್ನೇ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಾಗೇ ಕಾಗದದ ಮೇಲೆ ಗೀಟೆಳೆದು ನೋಡಿದಳು. ಹನ್ನೆರಡನೆಯ ಗೀಟು 321.6ಕ್ಕೆ ಬಿತ್ತು. 18ಕ್ಕೂ 17.817ಕ್ಕೂ ಇರುವುದು ನೂರಕ್ಕೆ ಒಂದರ ವ್ಯತ್ಯಾಸ. ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಎರಡು ಮಿಲಿಮೀಟರಿಗೂ ಮಿಕ್ಕಿ, ಕಿವಿಗೆ ಕೇಳುವ ಅಪಸ್ವರವಾಗುತ್ತದೆ. ಆ ಹುಡುಗಿಗೆ ಘಾತ, ಮೂಲ, ಗುಣೋತ್ತರ ಶ್ರೇಢಿಗಳು ಇನ್ನು ಜನ್ಮದಲ್ಲಿ ಮರೆಯುವುದಿಲ್ಲ. ಟ್ಯೂಷನ್ನಿನವರು ಇದಕ್ಕೆ ಎಷ್ಟು ಶುಲ್ಕ ಕೇಳುತ್ತಾರೋ ಸಮಿತಿಯವರೇ ವಿಚಾರಿಸಲಿ.

ಲೆಕ್ಕ ಮುಗಿದ ಮೇಲೆ ಕೈಕೆಲಸ. ಒಂದು ಗೀಟಿನಿಂದ ಇನ್ನೊಂದು ಗೀಟಿಗೆ ಅಳೆಯುತ್ತ ಹೋದರೆ ಸಣ್ಣ ತಪ್ಪುಗಳು ಕೂಡುತ್ತ ಹೋಗುತ್ತವೆ. ಎಲ್ಲವನ್ನೂ ಮೇಲ್ತುದಿಯಿಂದಲೇ, ಒಂದೇ ಉಕ್ಕಿನ ಅಳತೆಪಟ್ಟಿಯಿಂದ ಗುರುತಿಸಬೇಕು. ಗರಗಸದ ಸೀಳು ಸುಮಾರು 0.6 ಮಿ.ಮೀ. ಅಗಲ ಇರಬೇಕು. ಹೆಚ್ಚಾದರೆ ಲೋಹದ ಮೆಟ್ಟಿಲು ಸಡಿಲ, ಕಡಿಮೆಯಾದರೆ ಬಡಿದಾಗ ಹಲಗೆ ಹಿಂದಕ್ಕೆ ಬಾಗುತ್ತದೆ. ದಂಡಿಗೆ ಹಳೆಯ ಬಾಗಿಲುವಾಡದ ತೇಗ ಸಿಕ್ಕಿತು, ಬೆರಳುಹಲಗೆಗೆ ಶೀಶಮ್. ಮರದ ಗೆರೆಗಳು ಉದ್ದಕ್ಕೂ ನೇರವಾಗಿ ಓಡಬೇಕು. ಓರೆಯಾಗಿ ಹೊರಬಿದ್ದರೆ ಅಲ್ಲೇ ಮುರಿಯುತ್ತದೆ. ತೇಗದಲ್ಲಿ ಎಣ್ಣೆಯ ಅಂಶ ಹೆಚ್ಚು, ಅಂಟು ಹಚ್ಚುವ ಮೊದಲು ಸ್ಪಿರಿಟ್ಟಿನಿಂದ ಒರೆಸದಿದ್ದರೆ ಹಿಡಿಯುವುದಿಲ್ಲ. ಆರು ಉಕ್ಕಿನ ತಂತಿಗಳು ಸೇರಿ ದಂಡಿಯನ್ನು ಎಳೆಯುವ ಬಲ ಸುಮಾರು 70 ಕಿಲೋಗ್ರಾಂ ಭಾರಕ್ಕೆ ಸಮ. ಹಗಲೂ ರಾತ್ರಿ ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದಂತೆ. ಇದನ್ನು ತಡೆಯಲು ದಂಡಿಯೊಳಗೆ ಒಂದು ಉಕ್ಕಿನ ಸರಳನ್ನು ಹುದುಗಿಸುತ್ತಾರೆ. ಅಮೆರಿಕದ ಗಿಬ್ಸನ್ ಕಾರ್ಖಾನೆಯ ಕೆಲಸಗಾರ ತಡೇಯಸ್ ಮ್ಯಾಕ್‌ಹ್ಯೂ 1923ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇನ್ನು ದಿಲ್ಲಿಯ ಹವೆ. ಮೇ ತಿಂಗಳ ಲೂ ಗಾಳಿಗೆ ಹಲಗೆ ಒಣಗಿ ಕುಗ್ಗಿದರೆ ಮೆಟ್ಟಿಲುಗಳ ತುದಿ ಅಂಚಿನಿಂದ ಹೊರಚಾಚಿ ಅಂಗೈ ಗೀರುತ್ತದೆ. ಲೋಹ ಬೆಳೆದದ್ದಲ್ಲ, ಮರ ಸಣ್ಣದಾದದ್ದು ಎಂದು ಅರ ಹಿಡಿದು ಉಜ್ಜುವಾಗ ಮಕ್ಕಳು ಒಬ್ಬರಿಗೊಬ್ಬರು ವಿವರಿಸುವುದನ್ನು ಕೇಳಬೇಕು.

ಇರಲಿ, ಆಕ್ಷೇಪಣೆಗಳಿಗೆ ಬರೋಣ. ಗಿಟಾರು ನಮ್ಮದಲ್ಲವಂತೆ. ಪಿಟೀಲು ಯಾರದು? ಯೂರೋಪಿನಿಂದ ಬಂದ ವಾದ್ಯಕ್ಕೆ ನಮ್ಮ ಟಿ. ಚೌಡಯ್ಯನವರು ಏಳು ತಂತಿ ಹೂಡಿ ನುಡಿಸಿದರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವನ್ನೇ ಕಟ್ಟಿದೆವು. ಮೇಲಾಗಿ, ಗಿಟಾರು ಪರದೇಶದ್ದಾದರೂ ಅದರ ಬೆರಳುಹಲಗೆಯ ಮರ ಎಷ್ಟೋ ಸಲ ನಮ್ಮ ಪಶ್ಚಿಮ ಘಟ್ಟದ್ದು. ನಾವು ಬೀಟೆ ಎನ್ನುವ ಮರಕ್ಕಾಗಿ ಲೋಕದ ಗಿಟಾರು ಕಾರ್ಖಾನೆಗಳು ಕೈ ಚಾಚಿ ನಿಂತಿವೆ. ಬೀಟೆ ಮತ್ತು ಅದರ ದಾಯಾದಿ ಮರಗಳೆಲ್ಲವನ್ನೂ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಿದಾಗ ವಾದ್ಯ ತಯಾರಕರು ಕೂಗೆಬ್ಬಿಸಿ, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಪಡೆದರು. ಮರ ಕಳುಹಿಸುವುದು ನಾವು, ಅದರ ಮೇಲೆ ಮೆಟ್ಟಿಲು ಕೂರಿಸಿ ಬೆಲೆ ಕಟ್ಟುವುದು ಬೇರೆಯವರು. ಇದು ಸಂಸ್ಕೃತಿ ರಕ್ಷಣೆಯೋ?

ಭಾಷೆಯ ವಿಚಾರವನ್ನೂ ಸೇರಿಸುತ್ತೇವೆ. ದಂಡಿ, ಬಿರಡೆ, ಕುದುರೆ, ಮೆಟ್ಟಿಲು: ವೀಣೆಯ ಈ ಮಾತುಗಳು ಗಿಟಾರಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂಡುತ್ತವೆ. ಉಳಿ, ಅರ, ಗರಗಸ, ಉಪ್ಪುಕಾಗದಗಳನ್ನು ದಿಲ್ಲಿಯಲ್ಲಿ ಹುಟ್ಟಿದ ಮಕ್ಕಳು ಕೈಯಲ್ಲಿ ಹಿಡಿದು ಕಲಿತಿದ್ದಾರೆ. ನಮ್ಮ ಕನ್ನಡ ತರಗತಿಯಲ್ಲಿ ಎರಡು ವರ್ಷ ಬಾಯಿಪಾಠ ಮಾಡಿಸಿದರೂ ಅಷ್ಟು ಶಬ್ದ ಬಂದಿರಲಿಲ್ಲ.

ಅಗ್ಗದ ಮಾತನ್ನು ಒಪ್ಪುತ್ತೇವೆ. ಯಂತ್ರ ಕತ್ತರಿಸಿದ ದಂಡಿ ಹೆಚ್ಚು ನಿಖರ, ಬೆಲೆಯೂ ಕಡಿಮೆ. ಹಾಗೆ ನೋಡಿದರೆ ಹಪ್ಪಳವೂ ಅಂಗಡಿಯಲ್ಲಿ ಸಿಗುತ್ತದೆ, ರಂಗೋಲಿಯ ಅಚ್ಚೂ ಸಿಗುತ್ತದೆ. ಆದರೂ ಸಂಘ ಪ್ರತಿ ವರ್ಷ ರಂಗೋಲಿ ಸ್ಪರ್ಧೆ ಏರ್ಪಡಿಸುತ್ತದೆ.

ನಿಜವಾದ ಆಕ್ಷೇಪಣೆ ಮೂರನೆಯದು. ಬಡಗಿ ಎಂಬ ಮಾತನ್ನು ಬೈಗುಳದಂತೆ ಬಳಸಿದ ಸಭೆ ಅದು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದನ್ನು ನಾವು ಮಕ್ಕಳಿಂದ ಕಾಪಿ ಬರೆಸುತ್ತೇವೆ. ಕೆಸರಿನ ಹತ್ತಿರ ಮಾತ್ರ ಬಿಡುವುದಿಲ್ಲ. ಮೂರು ತಲೆಮಾರಿನಿಂದ ನಮ್ಮ ಮನೆಗಳಲ್ಲಿ ವಿದ್ಯೆಯೆಂದರೆ ಪೆನ್ನು, ಈಗ ಕೀಲಿಮಣೆ. ಮೊಳೆ ಹೊಡೆಯಬೇಕಾದರೂ ಫೋನು ಮಾಡುತ್ತೇವೆ. ವೀಣಾ ವಿದ್ವಾಂಸರು ಬಂದರೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಫೋಟೋ ತೆಗೆಸಿ ಈ ಪತ್ರಿಕೆಯಲ್ಲೇ ಹಾಕುತ್ತೇವೆ. ಆ ವೀಣೆ ಮಾಡಿದವರು ಯಾರೆಂದು ಒಮ್ಮೆಯಾದರೂ ಕೇಳಿದ್ದುಂಟೇ? ದೊಡ್ಡಬಳ್ಳಾಪುರದ ಬಳಿ ಸಿಂಪಾಡಿಪುರ ಎಂಬ ಹಳ್ಳಿಯಿದೆ. ಅಲ್ಲಿಯವರು ಹಲಸಿನ ಮರದಿಂದ ವೀಣೆ ಮಾಡುತ್ತಾರೆ. ಮೇಣದ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲು ಕೂರಿಸುವುದು ವೀಣೆಯ ಕ್ರಮ; ಅಲ್ಲಿ 17.817ರ ಲೆಕ್ಕವಿಲ್ಲ, ಕಿವಿಯೇ ಅಳತೆಗೋಲು. ಆ ಕಿವಿ ವಿದ್ವಾಂಸರ ಕಿವಿಗಿಂತ ಯಾವುದರಲ್ಲಿ ಕಡಿಮೆಯೋ ನಮಗೆ ತಿಳಿಯದು.

ನಮ್ಮ ಕೋಣೆಯ ಸಂಗತಿಯೂ ಇದೇ. ಮಕ್ಕಳಿಗೆ ಕಲಿಸುತ್ತಿರುವವರು ಸಹಾರನ್‌ಪುರದ ಕಡೆಯ ಬಡಗಿ. ನಮ್ಮಂತೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಗಿಟಾರನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ಮಕ್ಕಳ ಲೆಕ್ಕವನ್ನು ಕೇಳಿ, ತಮ್ಮ ಅನುಭವವನ್ನು ಬೆರೆಸಿ ದಾರಿ ತೋರಿಸುತ್ತಿದ್ದಾರೆ. ದಂಡಿಗೂ ತಲೆಗೂ ನಡುವೆ ಓರೆಯಾಗಿ ಕುಯ್ದು ಅಂಟಿಸುವ ಬೆಸುಗೆಯನ್ನು ಪುಸ್ತಕ ಎರಡು ಪುಟ ವಿವರಿಸುತ್ತದೆ. ಅವರು ತೋಪಡವನ್ನು ಎರಡು ಸಲ ಓಡಿಸಿ, ಬೆಳಕಿಗೆ ಹಿಡಿದು, ನಡುವೆ ಬೆಳಕು ತೂರುವುದಿಲ್ಲ ನೋಡಿ ಎಂದು ತೋರಿಸಿದರು. ಮಕ್ಕಳು ಅವರನ್ನು ಉಸ್ತಾದ್‌ಜೀ ಎನ್ನುತ್ತಾರೆ. ನಮ್ಮ ಹಿರಿಯರು 'ಏ ಮಿಸ್ತ್ರಿ' ಎನ್ನುತ್ತಾರೆ, ಏಕವಚನದಲ್ಲಿ ಮಾತಾಡಿಸುತ್ತಾರೆ, ಚಹಾವನ್ನು ಬೇರೆ ಲೋಟದಲ್ಲಿ ಕಳಿಸುತ್ತಾರೆ. ಬಸವಣ್ಣನವರ ಜಯಂತಿಯಂದು ಕಾಯಕದ ಮೇಲೆ ಭಾಷಣ ಮಾಡುವವರೂ ಇವರೇ. ಈ ಲೋಟದ ವಿಷಯವನ್ನು ಮುದ್ರಿಸಬೇಡಿ ಎಂದು ಕೆಲವರು ಸಲಹೆ ಕೊಟ್ಟರು, ಬೇಕೆಂದೇ ಬರೆದಿದ್ದೇವೆ.

ಮಕ್ಕಳ ಪರೀಕ್ಷೆಗಳ ಚಿಂತೆ ನಮಗೂ ಇದೆ, ನಮ್ಮ ಮನೆಗಳಲ್ಲೂ ಹತ್ತನೆಯ ತರಗತಿಯವರಿದ್ದಾರೆ. ಕೇಳುತ್ತಿರುವುದು ವಾರಕ್ಕೆ ಎರಡು ಗಂಟೆ. ಬಾಡಿಗೆ ತಪ್ಪುವುದರಿಂದ ಸಂಘಕ್ಕಾಗುವ ನಷ್ಟಕ್ಕೆ ನಾವು ಕೆಲವರು ತಿಂಗಳಿಗಿಷ್ಟೆಂದು ವಂತಿಗೆ ಹಾಕಲು ಸಿದ್ಧ. ಪಟ್ಟಿಯನ್ನು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇವೆ. ಮಾರ್ಚಿಯವರೆಗೆ ಕೋಣೆ ಮಕ್ಕಳ ಕೈಯಲ್ಲೇ ಇರಲಿ. ಬರುವ ವರ್ಷ ಒಡಲು ಸೇರಿ ಗಿಟಾರು ರಾಜ್ಯೋತ್ಸವದ ವೇದಿಕೆ ಏರಿದಾಗ, ಆಮಂತ್ರಣ ಪತ್ರಿಕೆಯಲ್ಲಿ ನುಡಿಸುವವರ ಹೆಸರಿನ ಜೊತೆಗೆ ಮಾಡಿಸಿದವರ ಹೆಸರೂ ಇರಬೇಕು, ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇರಬೇಕು. ಹೆಸರಿನ ಕಾಗುಣಿತವನ್ನು ಅವರನ್ನೇ ಕೇಳಿ ಬರೆದುಕೊಂಡು ಮುದ್ರಣಾಲಯಕ್ಕೆ ತಲುಪಿಸುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.