ಡ್ರ್ಯಾಗ್ ಫ್ಲಿಕ್ ರಕ್ತದಲ್ಲಿ ಹರಿಯೋದಿಲ್ಲ

"ಕೊಡಗಿನವರಿಗೆ ಹಾಕಿ ರಕ್ತದಲ್ಲೇ ಬಂದಿರುತ್ತೆ ಬಿಡಿ." ಗಾಂಧಿನಗರದ ದರ್ಶಿನಿಗಳಲ್ಲಿ ಬೈಟೂ ಕಾಫಿ ಹಿಡಿದು ನಿಂತವರಿಂದ ಹಿಡಿದು ಆಫೀಸಿನ ಕ್ಯಾಂಟೀನ್‌ವರೆಗೆ ಈ ಮಾತು ಕೇಳಿದ್ದೀನಿ. ಹೊಗಳಿಕೆ ಥರ ಕೇಳಿಸುತ್ತೆ. ನನಗೆ ಮಾತ್ರ ಇದು ಜವಾಬ್ದಾರಿಯಿಂದ ನುಣುಚಿಕೊಳ್ಳೋ ಉಪಾಯ ಅನ್ನಿಸುತ್ತೆ.

ವಿ.ಆರ್. ರಘುನಾಥ್ ಅವರನ್ನೇ ತಗೊಳ್ಳಿ. ಕೊಡಗಿನ ಹಾತೂರಿನವರು. ಆಡಿದ್ದು ಫುಲ್‌ಬ್ಯಾಕ್ ಆಗಿ, ಅಂದರೆ ಕೆಲಸ ಗೋಲು ತಡೆಯೋದು. ಆದರೂ ಭಾರತಕ್ಕೆ 200ಕ್ಕೂ ಹೆಚ್ಚು ಪಂದ್ಯ ಆಡಿ 100ಕ್ಕೂ ಹೆಚ್ಚು ಗೋಲು ಹೊಡೆದರು. 2012ರ ಲಂಡನ್, 2016ರ ರಿಯೊ ಒಲಿಂಪಿಕ್ಸ್. ನಡುವೆ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಚಿನ್ನ. 2013ರ ಮೊದಲ ಹಾಕಿ ಇಂಡಿಯಾ ಲೀಗ್‌ಗೆ ಉತ್ತರ ಪ್ರದೇಶ ವಿಝರ್ಡ್ಸ್ ತಂಡ ಅವರಿಗೆ 76 ಸಾವಿರ ಡಾಲರ್ ಕೊಟ್ಟಿತು. 2016ರಲ್ಲಿ ಅರ್ಜುನ ಪ್ರಶಸ್ತಿ ಬಂತು.

"ಅವೆಲ್ಲ ಪೆನಾಲ್ಟಿ ಕಾರ್ನರ್ ಗೋಲು ತಾನೇ, ಪುಕ್ಕಟೆ ಸಿಕ್ಕಿದ್ದು" ಅನ್ನೋರೂ ಇದ್ದಾರೆ. ಪುಕ್ಕಟೆ? ಒಬ್ಬ ಗೋಲ್‌ಪೋಸ್ಟಿನಿಂದ 10 ಮೀಟರ್ ದೂರದಲ್ಲಿ, ಹಿಂಗೆರೆಯಿಂದ ಚೆಂಡು ತಳ್ಳಬೇಕು. ಇನ್ನೊಬ್ಬ ಸರ್ಕಲ್ಲಿನ ಹೊರಗೆ ಅದನ್ನ ಅಲ್ಲಾಡದಂತೆ ನಿಲ್ಲಿಸಬೇಕು. ಫ್ಲಿಕ್ಕರ್ ಬಾಗಿ, ಸ್ಟಿಕ್ಕಿನಲ್ಲಿ ಚೆಂಡನ್ನ ಎಳೆದು, 3.66 ಮೀಟರ್ ಅಗಲದ ಗೋಲಿನ ಒಂದು ಮೂಲೆಗೆ ಎಸೆಯಬೇಕು. ಅಷ್ಟರಲ್ಲಿ ಎದುರಾಳಿ ಮೈಮೇಲೇ ಓಡಿ ಬರ್ತಿರ್ತಾನೆ. ಮೂವರಲ್ಲಿ ಒಬ್ಬ ತಪ್ಪಿದರೂ ಮುಗೀತು.

ಐಸ್ ಹಾಕಿಯಲ್ಲಿ ಈ ಲೆಕ್ಕ ಚೆನ್ನಾಗಿದೆ. ಅಲ್ಲಿ ಗೋಲಿಗೂ ಒಂದು ಪಾಯಿಂಟು, ಗೋಲಿಗೆ ದಾರಿ ಮಾಡಿದ ಪಾಸಿಗೂ ಒಂದು ಪಾಯಿಂಟು. ಬಾಬಿ ಓರ್ ಅನ್ನೋ ಡಿಫೆನ್ಸ್ ಆಟಗಾರ 1969-70ರಲ್ಲಿ 33 ಗೋಲು, 87 ಪಾಸಿನಿಂದ 120 ಪಾಯಿಂಟ್ ಗಳಿಸಿ ಇಡೀ ಎನ್‌ಎಚ್‌ಎಲ್‌ಗೇ ಮೊದಲಿಗನಾದ. ನಾವು ಚೆಂಡು ತಳ್ಳಿದವನ ಹೆಸರೂ ಬರೆಯೋದಿಲ್ಲ, ನಿಲ್ಲಿಸಿದವನದ್ದೂ ಬರೆಯೋದಿಲ್ಲ. ಹಾಗಾಗಿ ಗೋಲು ಒಬ್ಬನ ಮಣಿಕಟ್ಟಿನಿಂದ ಬಂತು, ಆ ಮಣಿಕಟ್ಟು ಅವನ ರಕ್ತದಿಂದ ಬಂತು ಅಂತ ನಂಬಿಬಿಡ್ತೀವಿ.

ಆ ನಂಬಿಕೆ ನಿಜವೇ ಆಗಿದ್ದರೆ ಈ ಲೆಕ್ಕ ಬಿಡಿಸಿ. ರಿಯೊಗೆ ಹೋದ ತಂಡದಲ್ಲಿ ಕೊಡಗಿನವರು ನಾಲ್ವರು: ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. 2021ರಲ್ಲಿ ಟೋಕಿಯೊದಲ್ಲಿ ಕಂಚು ಗೆದ್ದ ಪುರುಷರ ತಂಡದಲ್ಲಿ ಕರ್ನಾಟಕದವರು ಎಷ್ಟು? ಸೊನ್ನೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು, ಮತ್ತೆ ಸೊನ್ನೆ. ಐದೇ ವರ್ಷದಲ್ಲಿ ಒಂದು ಜಿಲ್ಲೆಯ ರಕ್ತ ಬದಲಾಯ್ತಾ? ತಮಾಷೆ ಅಂದ್ರೆ, ಆ ತಂಡಗಳು ಶಿಬಿರ ನಡೆಸಿದ್ದು ನಮ್ಮ ಬೆಂಗಳೂರಿನ ಸಾಯ್ ಕೇಂದ್ರದಲ್ಲೇ.

ಒಡಿಶಾದವರು ರಕ್ತದ ಕಥೆ ಹೇಳ್ತಾ ಕೂರಲಿಲ್ಲ. 2018ರಿಂದ ರಾಷ್ಟ್ರೀಯ ತಂಡಕ್ಕೆ ಪ್ರಾಯೋಜಕರಾದರು, ರೂರ್ಕೆಲಾದಲ್ಲಿ ಸ್ಟೇಡಿಯಂ ಕಟ್ಟಿ 2023ರ ವಿಶ್ವಕಪ್ ನಡೆಸಿದರು, ಹಾಕಿಗೆ ಹೆಸರಾದ ಸುಂದರ್‌ಗಢ ಜಿಲ್ಲೆಯಲ್ಲಿ ಬ್ಲಾಕ್‌ಗೊಂದು ಟರ್ಫ್ ಹಾಕೋಕೆ ಹೊರಟರು. ಅಲ್ಲೂ ಪ್ರತಿಭೆ ಮೊದಲಿನಿಂದ ಇತ್ತು. ಆದರೆ ಅವರು ಪ್ರತಿಭೆಗೆ ಬಜೆಟ್ ಇಟ್ಟರು.

ನಾನೂ ಹಳ್ಳಿಯಿಂದ ಬಂದು ಬಿಇ ಓದಿದವನು. "ಹಳ್ಳಿ ಹುಡುಗರು ಗಟ್ಟಿ, ಹೇಗೋ ಮೇಲೆ ಬರ್ತಾರೆ" ಅನ್ನೋ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಏನೂ ಕೊಡೋಕೆ ಮನಸ್ಸಿಲ್ಲದವರು ಹೇಳೋ ಮಾತದು. ಡ್ರ್ಯಾಗ್ ಫ್ಲಿಕ್ ಅನ್ನೋದು ದಿನಾ ನೂರಾರು ಸಲ ಮಾಡಿ ಕಲಿಯೋ ವಿದ್ಯೆ. ಅದಕ್ಕೆ ಟರ್ಫ್ ಬೇಕು, ಎದುರಿಗೆ ಗೋಲ್‌ಕೀಪರ್ ಬೇಕು, ಸೊಂಟ ಮುರಿಯದ ಹಾಗೆ ಕಲಿಸೋ ಕೋಚ್ ಬೇಕು.

ವಾರಾಂತ್ಯಕ್ಕೆ ಗಂಟೆ ಲೆಕ್ಕದಲ್ಲಿ ಟರ್ಫ್ ಬುಕ್ ಮಾಡೋ ನಮಗೆ ಟರ್ಫಿನ ಬೆಲೆ ಗೊತ್ತಿಲ್ಲದ್ದೇನಲ್ಲ. ಈ ಸಲ ನಿಮ್ಮ ಕಂಪನಿಯ ಸಿಎಸ್ಆರ್ ಸಮಿತಿ ಐಡಿಯಾ ಕೇಳಿದಾಗ, ಇನ್ನೊಂದು ಮ್ಯಾರಥಾನ್ ಟೀ ಶರ್ಟ್ ಬದಲು, ಕೊಡಗಿನಲ್ಲೊಬ್ಬ ಡ್ರ್ಯಾಗ್ ಫ್ಲಿಕ್ ಕೋಚ್‌ಗೆ ಐದು ವರ್ಷದ ಸಂಬಳ ಅಂತ ಬರೆದು ಕಳಿಸಿ.