ಫೋನ್ ಯಾರ ಕೈಯಾಗ ಇತ್ತು?

ಕಾಯಿಪಲ್ಯ ಮಾರೋ ಅಜ್ಜಿ ಬುಟ್ಟಿಗೂ ಈಗ ಕ್ಯೂಆರ್ ಕೋಡ್ ಹಚ್ಯಾರ. ಸರಕಾರಿ ಸಾಲಿ ಪುಸ್ತಕದಾಗೂ ಅದ, ದೀಕ್ಷಾ ಆ್ಯಪಿನಾಗ ಸ್ಕ್ಯಾನ್ ಮಾಡಿದ್ರ ಪಾಠ ಬರ್ತದ. ಅದರಿಂದ ಲೆಕ್ಕದ ಆಟ ಆಡಸಬಹುದು ಅಂತ ನನಗ ಗೊತ್ತಾಗಿದ್ದು ನಮ್ಮ ನೆಗೆಣ್ಣಿ ಐದನೇ ಕ್ಲಾಸಿನ ಹುಡುಗೂರ ಸಲುವಾಗಿ ಕಾಗದ ಕತ್ತರಿಸಾಕ ಕರದಾಗ.

ಆಟ ಹಿಂಗ. ಸಾಲಿ ತುಂಬ ಎಂಟು ಕಾಗದ ಹಚ್ಚೂದು. ಪ್ರತಿಯೊಂದರ ಮ್ಯಾಲೆ ಒಂದು ದೊಡ್ಡ ಅಂಕಿ, ಕೆಳಗ ಕೋಡ್. ಸ್ಕ್ಯಾನ್ ಮಾಡಿದ್ರ ಲೆಕ್ಕ ಬರ್ತದ, ಬಂದ ಉತ್ತರದ ಅಂಕಿ ಇರೋ ಕಾಗದ ಹುಡುಕ್ಕೋತ ಓಡಬೇಕು. ಬಿಸಿಯೂಟಕ್ಕ ಒಬ್ಬರಿಗೆ 100 ಗ್ರಾಂ ಅಕ್ಕಿ, 90 ಮಂದಿಗೆ ಎಷ್ಟು ಕಿಲೋ? 9ರ ಕಾಗದ ಅಡಿಗಿ ಮನಿ ಬಾಗಲಾಗ. ತಪ್ಪಿದ್ರ ಆ ಅಂಕಿನ ಸಿಗೂದಿಲ್ಲ, ತಿರುಗಿ ಬಂದು ಮತ್ತ ಮಾಡಬೇಕು. ನಾನೂ ಒಂದು ಪ್ರಶ್ನೆ ಕೊಟ್ಟಿದ್ದೆ, ನೀರಿನ ಟಾಕಿ ಸುತ್ತ ಎಷ್ಟು ಹೆಜ್ಜಿ ಅಂತ. ಒಬ್ಬೊಬ್ಬರ ಕಾಲು ಒಂದೊಂದು ಅಳತಿ, ಒಬ್ಬರ ಉತ್ತರನೂ ಕೂಡಲಿಲ್ಲ! ಆಮ್ಯಾಲೆ ಮೀಟರ್ ಟೇಪ್ ಕೊಟ್ವಿ.

ನಾಕು ಗುಂಪು, ನಾಕು ಫೋನ್. ನಾಕೂ ಗುಂಪಿನಾಗ ಫೋನ್ ಹಿಡದಾವ ಹುಡುಗ. ಹುಡುಗ್ಯಾರು ಹಿಂದ ಹಿಂದ ಓಡಾಕತ್ತಿದ್ರು. ಒಬ್ಬಾಕಿ ಬೆರಳ ಮ್ಯಾಲೆ ಎಣಿಸಿ ಎಲ್ಲಾರಕಿಂತ ಮೊದಲ ಉತ್ತರ ಹೇಳ್ತಿದ್ಲು, ಫೋನ್ ಒಂದ್ ಸಲನೂ ಮುಟ್ಟಲಿಲ್ಲ. ಯಾಕವಾ ಅಂದ್ರ, "ಒಡೀತದ ಅಂತ ಮನ್ಯಾಗ ಕೊಡೂದಿಲ್ರಿ" ಅಂದ್ಲು.

ಬಾಜೂ ಮನಿ ವೈನಿ, "ಅದಕ್ಕ ಫೋನ್ ಯಾಕ ಬೇಕು, ಚೀಟಿ ಸಾಕಲ್ಲ?" ಅಂದ್ರು. ಲೆಕ್ಕ ಕಲಸಾಕ ಚೀಟಿ ಖರೇನ ಸಾಕು. ಆದ್ರ ನಮ್ಮನ್ನ ನೋಡ್ಕೊಳ್ರಿ. ಅಂಗಡ್ಯಾಗ ರೊಕ್ಕಾ ಕೊಡೂ ಹೊತ್ತಿಗೆ "ಏ ತಮ್ಮಾ, ನೀ ಮಾಡು" ಅಂತ ಮಗನ ಕೈಯಾಗ ಫೋನ್ ಕೊಡ್ತೇವಿ. ಆ ಹುಡುಗೀನೂ ನಾಳೆ ಹಂಗ ನಿಲ್ಲಬೇಕೇನು? ನಮ್ಮ ಬಾಜೂಕಿನ ಸೊಲ್ಲಾಪುರ ಜಿಲ್ಲಾದ ಪರಿತೇವಾಡಿಯೊಳಗ ಪುಸ್ತಕಕ್ಕ ಈ ಕೋಡ್ ಹಚ್ಚಿ ಕಲಿಸಿದ ರಣಜಿತಸಿಂಹ ಡಿಸಲೆ ಮಾಸ್ತರಿಗೆ 2020ರಾಗ ಗ್ಲೋಬಲ್ ಟೀಚರ್ ಪ್ರೈಜ್ ಬಂತಲ್ಲ, ಅದು ಬರೇ ಕೋಡ್ ಸಲುವಾಗಿ ಅಲ್ಲ, ಹುಡುಗ್ಯಾರ ಓದಿಗೆ ದುಡಿದಿದ್ದಕ್ಕೂ ಬಂತು.

ಅದಕ್ಕ ಎರಡನೇ ಸಲ ನಾ ಹಟ ಹಿಡದು ಒಂದು ನಿಯಮ ಮಾಡಸಿದೆ. ಪ್ರತಿ ಕಾಗದಕ್ಕೂ ಫೋನ್ ಕೈ ಬದಲಾಗಬೇಕು. ಹಿಡದವರು ಜೋರಾಗಿ ಓದಬೇಕು, ಉಳದವರು ಲೆಕ್ಕ ಮಾಡಬೇಕು. ಆಟ ಭಾಳ ನಿಧಾನ ಆತು, ಹುಡುಗೂರು ಗೊಣಗಿದ್ರು. ಗೊಣಗ್ಲಿ. ಆ ಹುಡುಗಿ ಮೊದಲ ಎರಡೂ ಕೈಲೆ ಫೋನ್ ಹಿಡದು ಉಸಿರು ಬಿಗಿ ಹಿಡಿದ್ಲು, ಮೂರನೇ ಸರತಿಗೆ ಒಂದ ಕೈಲೆ ಹಿಡದು ಓಡಿದ್ಲು.

ಲೆಕ್ಕಾನ ಕೋಡಿನೊಳಗ ಬರದಿರ್ತೇವಿ, ಅದಕ್ಕ ನೆಟ್ ಬ್ಯಾಡ, ಸಿಮ್ಮೂ ಬ್ಯಾಡ. ನಿಮ್ಮ ಕಪಾಟಿನ್ಯಾಗ ಸ್ಕ್ಯಾನ್ ಆಗೋ ಹಳೇ ಫೋನ್ ಬಿದ್ದಿದ್ರ ಚಾರ್ಜರ್ ಸಮೇತ ನಮ್ಮ ಮನಿಗೆ ಕಳಸ್ರಿ. ಮುಂದಿನ ಶನಿವಾರ ಮತ್ತ ಆಟ ಅದ.